ಓವನ್ ಮುಟ್ಟದೆ ಹಬ್ಬದ ಕೂಟಕ್ಕೆ ಚೀಸ್ ತಿನಿಸುಗಳು: ಹಿಂದಿನ ದಿನಕ್ಕೆ ಎಷ್ಟು, ಕೊನೆಯ ಗಳಿಗೆಗೆ ಎಷ್ಟು?

ಹಸಿರುಬಾಗಿಲು:

ಹಬ್ಬದ ರಜೆಯಲ್ಲಿ ನಮ್ಮ ಮನೆಯಲ್ಲಿ ಸುಮಾರು ಇಪ್ಪತ್ತು ಜನ ಸೇರಲಿದ್ದಾರೆ. ಊಟದ ಹೊಣೆಯನ್ನು ಬೇರೆಯವರು ಹೊತ್ತಿದ್ದಾರೆ. ಊಟಕ್ಕೆ ಮೊದಲಿನ ಒಂದೂವರೆ ಗಂಟೆ ಎಲ್ಲರೂ ಅಲ್ಲಲ್ಲಿ ನಿಂತು ಮಾತನಾಡುವಾಗ ಕೈಗೆ ಸಿಗುವಂತೆ ಇಡಬೇಕಾದ ತಿನಿಸುಗಳು ನನ್ನ ಪಾಲಿಗೆ ಬಂದಿವೆ. ಓವನ್ ಬೆಳಗಿನಿಂದಲೇ ಊಟದ ಪದಾರ್ಥಗಳಿಗೆ ಮೀಸಲಾಗಿರುವುದರಿಂದ ಅದನ್ನು ಕೇಳುವಂತಿಲ್ಲ. ಒಲೆಯ ಮುಂದೆಯೂ ನನಗೆ ಜಾಗ ಸಿಗುವುದು ಅನುಮಾನ. ಆದ್ದರಿಂದ ಬೇಕ್ ಮಾಡುವ ಗೋಜಿಲ್ಲದೆ, ಚೀಸನ್ನೇ ಮುಖ್ಯವಾಗಿಟ್ಟುಕೊಂಡು ಏನೇನು ಮಾಡಬಹುದೆಂದು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ನಾನು ನೋಡಿದ ಪಾಕವಿಧಾನಗಳೆಲ್ಲ "ಹತ್ತೇ ನಿಮಿಷದಲ್ಲಿ ಸಿದ್ಧ" ಎನ್ನುತ್ತವೆ. ಆ ಹತ್ತು ನಿಮಿಷ ಯಾವಾಗ ಬರಬೇಕೆಂಬುದನ್ನು ಮಾತ್ರ ಯಾವುದೂ ಹೇಳುವುದಿಲ್ಲ. ಹಿಂದಿನ ರಾತ್ರಿಯೇ ಜೋಡಿಸಿಟ್ಟರೆ ಬಿಸ್ಕತ್ತು ಮೆತ್ತಗಾಗುತ್ತದೆ, ಸೌತೆಕಾಯಿ ನೀರು ಬಿಡುತ್ತದೆ. ಎಲ್ಲವನ್ನೂ ಕೊನೆಗೆ ಉಳಿಸಿಕೊಂಡರೆ ಬಂದವರನ್ನು ಮಾತನಾಡಿಸುವವರು ಯಾರು? ಇನ್ನೊಂದು ವಿಷಯ: ಬರುವವರಲ್ಲಿ ಹಲವರು ಸಸ್ಯಾಹಾರಿಗಳು, ಒಬ್ಬರಿಗೆ ಬಾದಾಮಿ, ಅಕ್ರೋಟು ಮುಂತಾದವುಗಳ ಅಲರ್ಜಿಯಿದೆ, ಒಬ್ಬರು ಗರ್ಭಿಣಿ. ಇವರೆಲ್ಲರನ್ನೂ ಗಮನದಲ್ಲಿಟ್ಟುಕೊಂಡು ಸಲಹೆ ಕೊಟ್ಟರೆ ಉಪಕಾರವಾಗುತ್ತದೆ.

ತುರಿಮಣೆ:

ಮೊದಲ ಸಲಹೆಯೆಂದರೆ, ಆರೇಳು ಬಗೆ ಮಾಡಲು ಹೋಗಬೇಡಿ. ಇಪ್ಪತ್ತು ಜನರಿಗೆ ಮೂರು ಬಗೆ ಧಾರಾಳವಾಗಿ ಸಾಕು. ಆದರೆ ಆ ಮೂರನ್ನು ರುಚಿ ನೋಡಿ ಆರಿಸುವುದಕ್ಕಿಂತ ಮೊದಲು ಹೊತ್ತು ನೋಡಿ ಆರಿಸಬೇಕು. ಹಿಂದಿನ ದಿನ ಮಾಡಿದರೇ ಚೆನ್ನಾಗುವ ಒಂದು, ಅರ್ಧ ಕೆಲಸ ಮುಗಿಸಿ ಇಡಬಹುದಾದ ಇನ್ನೊಂದು, ಬಾಗಿಲ ಗಂಟೆ ಬಾರಿಸುವ ಮುಂಚೆ ಜೋಡಿಸಿಬಿಡಬಹುದಾದ ಮತ್ತೊಂದು. ಮೂರೂ ಒಂದೇ ಗುಂಪಿಗೆ ಸೇರಿದವಾದರೆ, ಅವು ಒಂದೊಂದೂ ಎಷ್ಟೇ ಸುಲಭವಾಗಿದ್ದರೂ ಒಟ್ಟಿಗೆ ನಿಮ್ಮ ಮೇಲೆ ಬೀಳುತ್ತವೆ.

ಹಿಂದಿನ ದಿನದ ತಿನಿಸಿಗೆ ನನ್ನ ಆಯ್ಕೆ ಚೀಸ್ ಉಂಡೆ. 225 ಗ್ರಾಂ ಕ್ರೀಮ್ ಚೀಸ್, 150 ಗ್ರಾಂ ತೀಕ್ಷ್ಣ ರುಚಿಯ, ಚೆನ್ನಾಗಿ ಮಾಗಿದ ಚೆಡ್ಡರ್ (ಒಂದು ಬಗೆಯ ಗಟ್ಟಿ ಚೀಸ್), ಎರಡು ದೊಡ್ಡ ಚಮಚ ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು, ಅರ್ಧ ಚಿಕ್ಕ ಚಮಚ ಬೆಳ್ಳುಳ್ಳಿ ಪುಡಿ, ಕುಟ್ಟಿದ ಕಾಳುಮೆಣಸು, ಇಷ್ಟೇ ಸಾಮಗ್ರಿ. ಹಸಿ ಬೆಳ್ಳುಳ್ಳಿಯನ್ನು ಜಜ್ಜಿ ಹಾಕಬೇಡಿ. ಮಾಡಿದಾಗ ಹಿತವಾಗಿದ್ದ ಘಾಟು ರಾತ್ರಿ ಕಳೆಯುವಷ್ಟರಲ್ಲಿ ಉಳಿದೆಲ್ಲ ರುಚಿಯನ್ನೂ ನುಂಗಿಬಿಡುತ್ತದೆ. ಉಪ್ಪನ್ನು ರುಚಿ ನೋಡಿದ ಮೇಲಷ್ಟೇ ಯೋಚಿಸಿ, ಚೆಡ್ಡರ್‌ನಲ್ಲಿರುವುದೇ ಸಾಮಾನ್ಯವಾಗಿ ಸಾಕಾಗುತ್ತದೆ.

ಇದರಲ್ಲಿ ಕೆಡುವುದೆಲ್ಲ ಕ್ರೀಮ್ ಚೀಸ್‌ನ ಬಳಿ ಕೆಡುತ್ತದೆ. ಫ್ರಿಜ್ಜಿನಿಂದ ತೆಗೆದ ಕೂಡಲೇ ಅದನ್ನು ಕಲಸಲು ಹೊರಟರೆ, ಮೇಲೆ ನುಣುಪಾಗಿ ಕಂಡರೂ ಒಳಗೆ ಅಕ್ಕಿನುಚ್ಚಿನಷ್ಟು ಗಾತ್ರದ ಬಿಳಿಯ ಗಂಟುಗಳು ಉಳಿಯುತ್ತವೆ. ಚೆಡ್ಡರ್, ಸೊಪ್ಪು ಎಲ್ಲ ಸೇರಿದ ಮೇಲೆ ಎಷ್ಟು ತಿರುವಿದರೂ ಅವು ಒಡೆಯುವುದಿಲ್ಲ. ಆದ್ದರಿಂದ ಕ್ರೀಮ್ ಚೀಸನ್ನು ತುಂಡು ಮಾಡಿ ಅಗಲವಾದ ಪಾತ್ರೆಯಲ್ಲಿ ಹರಡಿ, ಅರ್ಧದಿಂದ ಮುಕ್ಕಾಲು ಗಂಟೆ ಹೊರಗಿಡಿ. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೆಯೇ ನಿಲ್ಲಬೇಕು. ಅದನ್ನೊಂದನ್ನೇ ಮೊದಲು ಮರದ ಚಮಚದಿಂದ ಚೆನ್ನಾಗಿ ನಾದಿ, ಆಮೇಲೆ ಮಿಕ್ಕವನ್ನು ಸೇರಿಸಿ. ಚೆಡ್ಡರನ್ನು ಗಡ್ಡೆಯಾಗಿ ತಂದು ನೀವೇ ತುರಿಯಿರಿ. ತುರಿದು ಪೊಟ್ಟಣ ಕಟ್ಟಿ ಮಾರುವ ಚೀಸ್‌ಗೆ ಎಳೆಗಳು ಒಂದಕ್ಕೊಂದು ಅಂಟದಿರಲೆಂದು ಪಿಷ್ಟವನ್ನೋ ಸೆಲ್ಯುಲೋಸ್ ಪುಡಿಯನ್ನೋ ಸವರಿರುತ್ತಾರೆ. ಕರಗಿಸುವ ಅಡುಗೆಯಲ್ಲೂ ಅದರ ತೊಂದರೆ ಕಾಣುತ್ತದೆ; ಕರಗಿಸದೆ ತಿನ್ನುವ ಇಂಥ ತಿನಿಸಿನಲ್ಲಿ ನಾಲಿಗೆಗೆ ಪುಡಿಪುಡಿಯಾಗಿ ನೇರವಾಗಿಯೇ ಸಿಗುತ್ತದೆ.

ಕಲಸಿದ್ದನ್ನು ಎರಡು ಪಾಲು ಮಾಡಿ, ಒಂದೊಂದನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಆಕಾರ ಚಪ್ಪಟೆಯಾಗದಂತೆ ಒಂದೊಂದು ಬಟ್ಟಲಿನಲ್ಲಿ ಕೂರಿಸಿ ಫ್ರಿಜ್ಜಿನಲ್ಲಿಡಿ. ಎರಡು ಗಂಟೆಗೆ ಗಟ್ಟಿಯಾಗುತ್ತದೆ, ಆದರೆ ರುಚಿಗಳು ಒಂದರಲ್ಲೊಂದು ಬೆರೆಯಲು ಒಂದು ರಾತ್ರಿ ಬೇಕು. ಹೊರಗಿನ ಲೇಪವನ್ನು, ಅಂದರೆ ಹುರಿದ ಬೀಜದ ತರಿಯನ್ನೋ ಹೆಚ್ಚಿದ ಸೊಪ್ಪನ್ನೋ, ಬಡಿಸುವ ಒಂದೆರಡು ಗಂಟೆ ಮುಂಚೆ ಹೊರಳಿಸಿದರೆ ಸಾಕು. ಹಿಂದಿನ ರಾತ್ರಿಯೇ ಹೊರಳಿಸಿದ ಬೀಜ ಬೆಳಗ್ಗೆಗೆ ಗರಿಗರಿಯಾಗಿ ಉಳಿದಿರುವುದಿಲ್ಲ.

ನಿಧಾನಸ್ಥ:

ತುರಿಮಣೆಯವರ ವಿಧಾನದಲ್ಲಿ ತಪ್ಪಿಲ್ಲ. ಆದರೆ ಚೀಸ್ ಉಂಡೆಯ ಬಗ್ಗೆಯೇ ನನಗೆ ತಕರಾರಿದೆ. ಮೇಜಿನ ಮೇಲೆ ತಂದಿಟ್ಟಾಗ ಅದು ನೋಡಲು ಸೊಗಸಾಗಿರುತ್ತದೆ ಎಂಬುದೇ ಅದರ ದೋಷ. ಮೊದಲ ಹತ್ತು ನಿಮಿಷ ಯಾರೂ ಅದಕ್ಕೆ ಚಾಕು ಹಾಕುವುದಿಲ್ಲ. ಮುಂದಿನ ಹತ್ತು ನಿಮಿಷದಲ್ಲಿ ನಾಲ್ಕು ಕಡೆಯಿಂದ ಕೆರೆದು, ಇಲಿ ಕಚ್ಚಿ ಬಿಟ್ಟುಹೋದ ಹಾಗೆ ಮಾಡಿರುತ್ತಾರೆ, ಆಮೇಲೆ ಬಂದವರಿಗೆ ಅದರತ್ತ ಕೈ ಚಾಚಲು ಮನಸ್ಸಾಗುವುದಿಲ್ಲ. ನಿಂತು ತಿನ್ನುವ ಕೂಟದಲ್ಲಿ ಒಂದು ಕೈಯಲ್ಲಿ ಲೋಟ ಇರುತ್ತದೆ, ಹಾಗಿರುವಾಗ ಚಾಕು ಹಿಡಿದು, ಬಿಸ್ಕತ್ತು ಹಿಡಿದು, ಸವರಿಕೊಳ್ಳುವುದಾದರೂ ಹೇಗೆ? ಒಂದು ತುತ್ತಿಗೆ ಒಂದು ಎಂಬಂತೆ ಬಿಡಿಬಿಡಿಯಾಗಿ ಮಾಡುವುದೇ ಸರಿಯೆಂದು ನನ್ನ ಅಭಿಪ್ರಾಯ.

ಇದಕ್ಕೆ ಅತ್ಯಂತ ಸುಲಭವಾದದ್ದು ಕಡ್ಡಿಗೆ ಪೋಣಿಸಿದ ಮೊಜರೆಲ್ಲಾ, ಚೆರಿ ಟೊಮೆಟೊ ಮತ್ತು ಬೇಸಿಲ್ (ತುಳಸಿ ಜಾತಿಯ ಸುವಾಸನೆಯ ಸೊಪ್ಪು) ಎಲೆ. ಇಟಲಿಯ ಕಾಪ್ರಿ ದ್ವೀಪದ ಹೆಸರಿನ ಸಲಾಡನ್ನೇ ಕಡ್ಡಿಗೆ ಏರಿಸಿದ್ದು ಇದು. ಕೆಂಪು, ಬಿಳಿ, ಹಸಿರು ಮೂರೂ ಇರುವುದರಿಂದ ತಟ್ಟೆಗೆ ಬೇರೆ ಅಲಂಕಾರ ಬೇಕಾಗುವುದಿಲ್ಲ. ಕೆಲಸ ಸುಲಭ, ಆದರೆ ನೀರಿನ ವಿಷಯದಲ್ಲಿ ಎಚ್ಚರ ಬೇಕು. ಚಿಕ್ಕ ಗುಂಡಿನಂಥ ತಾಜಾ ಮೊಜರೆಲ್ಲಾ ನೀರಿನಲ್ಲಿ ಮುಳುಗಿಯೇ ಬರುತ್ತದೆ. ಅದನ್ನು ಬಸಿದು, ಒಣ ಬಟ್ಟೆಯ ಮೇಲೆ ಹರಡಿ, ಮೇಲೊಂದು ಬಟ್ಟೆ ಹೊದಿಸಿ ಸುಮಾರು ಅರ್ಧ ಗಂಟೆ ಫ್ರಿಜ್ಜಿನಲ್ಲಿ ಬಿಟ್ಟರೆ ಬಟ್ಟೆ ಒದ್ದೆಯಾಗುವುದು ಕಣ್ಣಿಗೇ ಕಾಣುತ್ತದೆ. ಹಾಗೆ ಮಾಡದಿದ್ದರೆ ಆ ನೀರು ತಟ್ಟೆಯಲ್ಲಿ ನಿಲ್ಲುತ್ತಿತ್ತು. ಉಪ್ಪು ಟೊಮೆಟೊದ ರಸವನ್ನು ಹೊರಗೆಳೆಯುತ್ತದೆ, ಆದ್ದರಿಂದ ಉಪ್ಪು, ಎಣ್ಣೆ, ಕಾಳುಮೆಣಸು ಬಡಿಸುವ ಹೊತ್ತಿಗೇ ಬೀಳಬೇಕು.

ಬೇಸಿಲ್‌ನ ಕಥೆ ಇದಕ್ಕೆ ವಿರುದ್ಧ. ಅದಕ್ಕೆ ತಣ್ಣನೆಯ ಜಾಗವೇ ಆಗುವುದಿಲ್ಲ. ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದರೆ ಎಲೆಯ ಮೇಲೆ ಕಪ್ಪು ಕಲೆಗಳು ಏಳುತ್ತವೆ. ಕಾಂಡಗಳನ್ನು ಹೂವಿನಂತೆ ಲೋಟದ ನೀರಿನಲ್ಲಿ ನಿಲ್ಲಿಸಿ ಹೊರಗೇ ಇಡಿ, ಕೊನೆಯಲ್ಲಿ ಎಲೆ ಕಿತ್ತು ಸಿಕ್ಕಿಸಿ.

ತುರಿಮಣೆ:

ನಿಧಾನಸ್ಥರೇ, ಇಲಿಯ ಆರೋಪವನ್ನು ಒಪ್ಪಿಕೊಳ್ಳುತ್ತೇನೆ. ಅದಕ್ಕೆ ಪರಿಹಾರವೂ ಇದೆ. ಉಂಡೆಯನ್ನು ಮೇಜಿಗೆ ಒಯ್ಯುವ ಮುಂಚೆಯೇ ಒಂದು ಹೋಳು ಕತ್ತರಿಸಿ ಪಕ್ಕದಲ್ಲಿ ಮಲಗಿಸಿ, ನಾಲ್ಕಾರು ಬಿಸ್ಕತ್ತುಗಳಿಗೆ ನೀವೇ ಸವರಿಟ್ಟರೆ, ಯಾರು ಮೊದಲು ಎಂಬ ಸಂಕೋಚ ಹೋಗುತ್ತದೆ. ಉಂಡೆಯ ಬದಲು ಉದ್ದನೆಯ ಉರುಳೆ ಮಾಡಿದರೆ ಇನ್ನೂ ಒಳ್ಳೆಯದು, ತುದಿಯಿಂದ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸುತ್ತಾ ಹೋದಂತೆ ಉಳಿದದ್ದು ಅಂದವಾಗಿಯೇ ಇರುತ್ತದೆ.

ನಾನು ಎರಡು ಉಂಡೆ ಎಂದದ್ದಕ್ಕೂ ಕಾರಣವಿದೆ. ಒಂದು ಮೇಜಿನ ಮೇಲಿರುವಾಗ ಇನ್ನೊಂದು ಫ್ರಿಜ್ಜಿನಲ್ಲಿ ತಣ್ಣಗಿರುತ್ತದೆ. ಕೆರೆದದ್ದನ್ನು ಒಳಗೆ ಒಯ್ದು ಹೊಸದನ್ನು ತಂದಿಡಬಹುದು. ಬಿಡಿಬಿಡಿಯಾಗಿ ಮಾಡಬೇಕೆಂಬ ಹಟವಿದ್ದರೆ ಅದೇ ಮಿಶ್ರಣವನ್ನು ನೆಲ್ಲಿಕಾಯಿ ಗಾತ್ರಕ್ಕೆ ಉಂಡೆ ಕಟ್ಟಬಹುದು, ಆದರೆ ಕೈಯ ಬಿಸಿಗೆ ಅದು ಅಂಟಲು ಶುರುವಾಗುವುದರಿಂದ ಚೆನ್ನಾಗಿ ತಣಿದ ಮಿಶ್ರಣ ಬೇಕು, ಪಕ್ಕದಲ್ಲಿ ಕೈ ಅದ್ದಿಕೊಳ್ಳಲು ತಣ್ಣೀರು ಬೇಕು, ತಾಳ್ಮೆಯೂ ಬೇಕು. ನಲವತ್ತು ಉಂಡೆ ಕಟ್ಟುವುದನ್ನು ಹತ್ತು ನಿಮಿಷದ ಕೆಲಸ ಎಂದು ಯಾರಾದರೂ ಬರೆದಿದ್ದರೆ ಅವರು ಕಟ್ಟಿ ನೋಡಿಲ್ಲ.

ಮಂಜುಗಡ್ಡೆ:

ಇದುವರೆಗೆ ರುಚಿಯ ಮಾತಾಯಿತು. ಗರ್ಭಿಣಿಯೊಬ್ಬರು ಬರುತ್ತಿದ್ದಾರೆ ಎಂದು ಕೇಳಿದ ಮೇಲೆ ಸುರಕ್ಷತೆಯ ಮಾತನ್ನು ಮುಂದಕ್ಕೆ ಹಾಕುವುದು ಸರಿಯಲ್ಲ. ಬೇಕ್ ಮಾಡಿದ ತಿನಿಸಿನಲ್ಲಿ ಬಿಸಿಗೆ ಸಾಯುವ ಸೂಕ್ಷ್ಮಜೀವಿಗಳು ಇಲ್ಲಿ ಸಾಯುವುದಿಲ್ಲ. ನಮ್ಮ ಕೈಯಲ್ಲಿರುವುದು ಶುಚಿತ್ವ, ತಂಪು ಮತ್ತು ಗಡಿಯಾರ ಮಾತ್ರ.

ಬ್ಯಾಕ್ಟೀರಿಯಾಗಳು ವೇಗವಾಗಿ ಬೆಳೆಯುವುದು 4 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಆದ್ದರಿಂದ ಫ್ರಿಜ್ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಮೆತ್ತನೆಯ ಚೀಸ್‌ನ ತಿನಿಸುಗಳು ಹೊರಗೆ ಒಟ್ಟು ಎರಡು ಗಂಟೆಗಿಂತ ಹೆಚ್ಚು ಇರಬಾರದು. ಕೋಣೆಯ ಉಷ್ಣತೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. "ಒಟ್ಟು" ಎಂಬುದನ್ನು ಗಮನಿಸಬೇಕು. ಮೆತ್ತಗಾಗಲೆಂದು ಕ್ರೀಮ್ ಚೀಸನ್ನು ಹೊರಗಿಟ್ಟ ಮುಕ್ಕಾಲು ಗಂಟೆಯೂ ಲೆಕ್ಕಕ್ಕೆ ಸೇರುವುದರಿಂದ, ಮೇಜಿನ ಮೇಲಿನ ತಟ್ಟೆಯನ್ನು ಒಂದು ಗಂಟೆಗೇ ಬದಲಿಸುವುದು ಒಳ್ಳೆಯದು. ಅರ್ಧ ಖಾಲಿಯಾದ ತಟ್ಟೆಗೆ ಹೊಸದನ್ನು ಸುರಿಯಬೇಡಿ, ತಟ್ಟೆಯನ್ನೇ ಬದಲಿಸಿ. ಇಲ್ಲವಾದರೆ ತಳದಲ್ಲಿರುವ ಹಳೆಯ ತುಂಡು ಎಷ್ಟು ಹೊತ್ತಿನದೆಂದು ಯಾರಿಗೂ ಗೊತ್ತಾಗುವುದಿಲ್ಲ. ಚೆಡ್ಡರ್‌ನಂಥ ಗಟ್ಟಿ ಚೀಸ್‌ನ ತುಂಡುಗಳು ನೀರಿನಂಶ ಕಡಿಮೆಯಿರುವುದರಿಂದ ಇಷ್ಟು ನಾಜೂಕಲ್ಲ.

ಗರ್ಭಿಣಿಯರ ವಿಷಯದಲ್ಲಿ ಭಯವಿರುವುದು ಲಿಸ್ಟೀರಿಯಾದ್ದು. ಉಳಿದ ಹಲವು ಬ್ಯಾಕ್ಟೀರಿಯಾಗಳಂತೆ ಅದು ಫ್ರಿಜ್ಜಿನ ತಂಪಿಗೆ ಸುಮ್ಮನಾಗುವುದಿಲ್ಲ, ನಿಧಾನವಾಗಿ ಅಲ್ಲಿಯೂ ಬೆಳೆಯುತ್ತದೆ. ಪಾಶ್ಚರೀಕರಿಸದ, ಅಂದರೆ ಸೂಕ್ಷ್ಮಜೀವಿಗಳು ಸಾಯುವಂತೆ ಕಾಯಿಸದ, ಹಾಲಿನ ಮೆತ್ತನೆಯ ಚೀಸ್ ಅವರಿಗೆ ಬೇಡವೇ ಬೇಡ. ಬ್ರೀ, ಕಾಮೆಂಬೇರ್ ಮುಂತಾದ ಬಿಳಿಯ ಬೂಷ್ಟಿನ ಚೀಸ್‌ಗಳನ್ನೂ ಮೆತ್ತನೆಯ ನೀಲಿ ಚೀಸ್‌ಗಳನ್ನೂ, ಹಾಲು ಪಾಶ್ಚರೀಕರಿಸಿದ್ದೇ ಆದರೂ, ಹಬೆಯಾಡುವಷ್ಟು ಬಿಸಿ ಮಾಡದೆ ತಿನ್ನಬಾರದೆಂದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಗರ್ಭಿಣಿಯರಿಗೆ ಹೇಳುತ್ತದೆ. ಇಲ್ಲಿ ಬಿಸಿ ಮಾಡುವ ಪ್ರಶ್ನೆಯೇ ಇಲ್ಲದಿರುವುದರಿಂದ ಅವನ್ನು ಪೂರ್ತಿ ಕೈಬಿಡುವುದೇ ನೇರವಾದ ದಾರಿ. ಪಾಶ್ಚರೀಕರಿಸಿದ ಹಾಲಿನ ಕ್ರೀಮ್ ಚೀಸ್, ಫೆಟಾ (ಗ್ರೀಸ್ ದೇಶದ ಉಪ್ಪಾದ ಬಿಳಿ ಚೀಸ್), ಮೊಜರೆಲ್ಲಾ, ಚೆಡ್ಡರ್‌ಗಳಿಗೆ ಅಡ್ಡಿಯಿಲ್ಲ.

ಎಣ್ಣೆಯಲ್ಲಿ ನೆನೆಸಿದ ಚೀಸ್ ತುಂಡುಗಳ ಬಗ್ಗೆಯೂ ಯಾರಾದರೂ ಹೇಳಿಯೇ ಹೇಳುತ್ತಾರೆ, ಆದ್ದರಿಂದ ಮೊದಲೇ ಎಚ್ಚರಿಸುತ್ತೇನೆ. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಟ್ಟರೆ ಗಾಳಿಯಾಡದ ಆ ಜಾಗದಲ್ಲಿ ಬೊಟುಲಿಸಂ ಎಂಬ ಮಾರಕ ವಿಷಬಾಧೆ ಉಂಟುಮಾಡುವ ಬ್ಯಾಕ್ಟೀರಿಯಾ ವಿಷ ತಯಾರಿಸಬಲ್ಲದು. ವಾಸನೆಯಿಂದಾಗಲಿ ಬಣ್ಣದಿಂದಾಗಲಿ ಅದು ತಿಳಿಯುವುದಿಲ್ಲ. ಮಾಡುವುದಾದರೆ ಫ್ರಿಜ್ಜಿನಲ್ಲೇ ಇಟ್ಟು ನಾಲ್ಕು ದಿನದೊಳಗೆ ಮುಗಿಸಬೇಕು.

ಹಸಿರುಬಾಗಿಲು:

ಎಲ್ಲರಿಗೂ ಧನ್ಯವಾದಗಳು. ಬ್ರೀ ಪಟ್ಟಿಯಿಂದ ಹೋಯಿತು. ಈಗ ಎರಡು ಸಂದೇಹಗಳು ಉಳಿದಿವೆ. ಸಸ್ಯಾಹಾರಿಗಳ ವಿಷಯದಲ್ಲಿ ರೆನೆಟ್ ಎಂಬುದನ್ನು ನೋಡಬೇಕೆನ್ನುತ್ತಾರೆ, ಯಾವ ಚೀಸ್‌ಗೆ ಎಷ್ಟು ಚಿಂತಿಸಬೇಕು? ಎರಡನೆಯದು, ಫೆಟಾವನ್ನು ಮೊಸರಿನೊಂದಿಗೆ ಮಿಕ್ಸಿಯಲ್ಲಿ ಅರೆದು ಮಾಡುವ, ಬಿಸ್ಕತ್ತು ಅದ್ದಿ ತಿನ್ನುವ ಡಿಪ್ ನನ್ನ ಪರಿಚಯದವರ ಮನೆಯಲ್ಲಿ ಮಜ್ಜಿಗೆಯಷ್ಟು ತೆಳ್ಳಗಾಗಿತ್ತು. ಅದು ಗಟ್ಟಿಯಾಗಿ ನಿಲ್ಲಬೇಕಾದರೆ ಏನು ಮಾಡಬೇಕು?

ಕೆನೆಹಾಲು:

ರೆನೆಟ್ ವಿಷಯ ನನಗೆ ಸ್ವಲ್ಪ ಪರಿಚಿತ, ಹೇಳುತ್ತೇನೆ. ಹಾಲನ್ನು ಗಟ್ಟಿಯಾಗಿ ಒಡೆಸುವ ಕಿಣ್ವಗಳ ಮಿಶ್ರಣವೇ ರೆನೆಟ್. ಸಾಂಪ್ರದಾಯಿಕವಾಗಿ ಅದನ್ನು ಎಳೆಗರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದರು. ಸೂಕ್ಷ್ಮಜೀವಿಗಳಿಂದ ಅದೇ ಕಿಣ್ವವನ್ನು, ಅಂದರೆ ಕೈಮೋಸಿನ್ ಅನ್ನು, ತಯಾರಿಸುವ ವಿಧಾನಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1990ರಲ್ಲಿ ಅನುಮತಿ ಕೊಟ್ಟ ಮೇಲೆ ಕಾರ್ಖಾನೆಗಳ ಚೆಡ್ಡರ್‌ನಂಥ ಚೀಸ್‌ಗಳಲ್ಲಿ ಅದು ವ್ಯಾಪಕವಾಗಿ ಬಳಕೆಗೆ ಬಂತು. ಹೀಗಾಗಿ ಚೆಡ್ಡರ್, ಮೊಜರೆಲ್ಲಾ, ಫೆಟಾ ಈ ಮೂರೂ ಸಸ್ಯಾಹಾರಿಗಳಿಗೆ ಒಗ್ಗುವ ರೂಪದಲ್ಲಿ ಸಿಗುತ್ತವೆ, ಸಿಗುವುದೆಲ್ಲವೂ ಹಾಗಿರುವುದಿಲ್ಲ. ಪೊಟ್ಟಣದ ಮೇಲೆ "ಸೂಕ್ಷ್ಮಜೀವಿ ರೆನೆಟ್" ಎಂದೋ "ಸಸ್ಯಾಹಾರಿಗಳಿಗೆ ಸೂಕ್ತ" ಎಂದೋ ಇರುವುದನ್ನು ನೋಡಿ ಕೊಳ್ಳಬೇಕು. ಪಾರ್ಮಿಜಾನೊ ರೆಜ್ಜಾನೊ ಮಾತ್ರ ಈ ಅನುಮಾನಕ್ಕೇ ಎಡೆಕೊಡುವುದಿಲ್ಲ. ಅದರ ನಿಯಮಾವಳಿಯೇ ಕರುವಿನ ರೆನೆಟ್ ಬಳಸಬೇಕೆಂದು ಹೇಳುವುದರಿಂದ ಆ ಹೆಸರಿನ ನಿಜವಾದ ಚೀಸ್ ಸಸ್ಯಾಹಾರವಾಗಿರಲು ಸಾಧ್ಯವಿಲ್ಲ. ಲೇಪಕ್ಕೋ ಮೇಲೆ ಉದುರಿಸಲಿಕ್ಕೋ ಅದನ್ನು ಬಳಸಿ ಇಡೀ ತಟ್ಟೆಯನ್ನು ಸಸ್ಯಾಹಾರಿಗಳಿಂದ ದೂರ ಮಾಡುವವರನ್ನು ನೋಡಿದ್ದೇನೆ.

ಕ್ರೀಮ್ ಚೀಸ್ ಮುಖ್ಯವಾಗಿ ಹುಳಿಯಿಂದ ಹೆಪ್ಪುಗಟ್ಟುವ ಚೀಸ್ ಆದ್ದರಿಂದ ಅದರಲ್ಲಿ ಈ ಚಿಂತೆ ಕಡಿಮೆ, ಆದರೂ ಚೀಟಿ ಓದುವುದರಿಂದ ನಷ್ಟವಿಲ್ಲ. ಅಂಗಡಿಯಲ್ಲಿ ಅದು ಗಟ್ಟಿ ಇಟ್ಟಿಗೆಯಾಗಿಯೂ ಡಬ್ಬದಲ್ಲಿ ಸವರುವ ರೂಪದಲ್ಲಿಯೂ ದೊರೆಯುತ್ತದೆ. ಉಂಡೆಗೆ ಇಟ್ಟಿಗೆಯೇ ಬೇಕು. ಅಮೆರಿಕದ ಮಾನದಂಡದಂತೆ ಕ್ರೀಮ್ ಚೀಸ್‌ನಲ್ಲಿ ಹಾಲಿನ ಕೊಬ್ಬು ಕನಿಷ್ಠ ಶೇಕಡ 33, ನೀರಿನಂಶ ಗರಿಷ್ಠ ಶೇಕಡ 55 ಇರಬೇಕು. ತಣಿಸಿದಾಗ ಗಟ್ಟಿಯಾಗಿ ನಿಲ್ಲಿಸುವುದು ಆ ಕೊಬ್ಬೇ. ಡಬ್ಬದ್ದರಲ್ಲಿ ಸುಲಭವಾಗಿ ಸವರಲು ಬರಲೆಂದು ನೀರೋ ಗಾಳಿಯೋ ಹೆಚ್ಚಿರುತ್ತದೆ, ಕೊಬ್ಬು ಕಡಿಮೆ ಮಾಡಿದ ಬಗೆಯಲ್ಲಂತೂ ಇನ್ನೂ ಹೆಚ್ಚು. ಓವನ್ ಇಲ್ಲದ ಅಡುಗೆಯಲ್ಲಿ ಆ ನೀರು ಆರಿಹೋಗಲು ಯಾವ ದಾರಿಯೂ ಇಲ್ಲ, ಹಾಕಿದಷ್ಟೂ ಕೊನೆಯವರೆಗೂ ಇರುತ್ತದೆ.

ಫೆಟಾ ಡಿಪ್ ತೆಳ್ಳಗಾಗುವುದಕ್ಕೂ ಕಾರಣ ಇದೇ. ಸಾದಾ ಮೊಸರಿನಲ್ಲಿರುವ ನೀರು ಅಷ್ಟಿಷ್ಟಲ್ಲ. 200 ಗ್ರಾಂ ಫೆಟಾಕ್ಕೆ 100 ಗ್ರಾಂ ಕ್ರೀಮ್ ಚೀಸ್ ತೆಗೆದುಕೊಳ್ಳಿ, ಮೊಸರೇ ಬೇಕೆಂದರೆ ಅದನ್ನು ತೆಳುಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನೊಳಗೆ ಜರಡಿಯ ಮೇಲೆ ಒಂದು ರಾತ್ರಿ ಬಸಿಯಲು ಬಿಡಿ. ಅರ್ಧ ಕಿಲೋ ಮೊಸರು ಸುಮಾರು ಅರ್ಧದಷ್ಟಕ್ಕೆ ಇಳಿಯುತ್ತದೆ. ಫೆಟಾ ಉಪ್ಪುನೀರಿನಲ್ಲಿ ಇಟ್ಟ ಗಡ್ಡೆಯಾಗಿದ್ದರೆ ಒಮ್ಮೆ ತೊಳೆದು ಒರೆಸಿ. ಮಿಕ್ಸಿಯಲ್ಲಿ ಫೆಟಾವನ್ನು ಒಂದನ್ನೇ ಮೊದಲು ಪುಡಿ ಮಾಡಿ, ಆಮೇಲೆ ಕ್ರೀಮ್ ಚೀಸ್ ಸೇರಿಸಿ ನುಣ್ಣಗಾಗುವವರೆಗೆ ತಿರುಗಿಸಿ, ಕೊನೆಯಲ್ಲಿ ಎರಡು ದೊಡ್ಡ ಚಮಚ ಆಲಿವ್ ಎಣ್ಣೆ, ಸ್ವಲ್ಪ ನಿಂಬೆರಸ. ನಡುನಡುವೆ ನಿಲ್ಲಿಸಿ ಬದಿಗಳನ್ನು ಕೆರೆದು ಒಳಗೆ ತಳ್ಳಬೇಕು. ಒಂದೇ ಸಮನೆ ಓಡಿಸಿದರೆ ಮಿಕ್ಸಿಯ ಬಿಸಿಗೆ ಸಡಿಲವಾಗುತ್ತದೆ. ಮಾಡಿದ ಹೊತ್ತಿಗೆ ಸ್ವಲ್ಪ ಸಡಿಲವಾಗಿ ಕಂಡರೂ ಗಾಬರಿಯಾಗಬೇಡಿ, ಎರಡು ಗಂಟೆ ತಣಿದರೆ ಚಮಚದ ಗುರುತು ಉಳಿಯುವಷ್ಟು ಗಟ್ಟಿಯಾಗುತ್ತದೆ. ಇದನ್ನು ಹಿಂದಿನ ದಿನವೇ ಮಾಡಿ ಮುಚ್ಚಿಡಬಹುದು. ಬಡಿಸುವಾಗ ಅಗಲವಾದ ತಟ್ಟೆಯಲ್ಲಿ ಹರಡಿ, ಚಮಚದ ಹಿಂಬದಿಯಿಂದ ಸುರುಳಿಯಾಗಿ ತೋಡು ಮಾಡಿ, ಆ ತೋಡಿನಲ್ಲಿ ಎಣ್ಣೆಯನ್ನೋ ಜೇನನ್ನೋ ಬಿಟ್ಟರೆ ನೋಡಲೂ ಚೆನ್ನ, ಮೊದಲ ತುತ್ತಿಗೂ ಕೊನೆಯ ತುತ್ತಿಗೂ ಅದು ಸಿಗುತ್ತದೆ.

   

ನಿಧಾನಸ್ಥ:

ಫೆಟಾ ಡಿಪ್‌ಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಈಗ ಅದರ ಜೊತೆಗೆ ಇಡುವ ಗರಿಗರಿ ವಸ್ತುಗಳ ಬಗ್ಗೆ. ಕ್ರ್ಯಾಕರ್ ಬಿಸ್ಕತ್ತಿನ ಮೇಲೆ ಚೀಸ್ ಸವರಿ ಸಾಲಾಗಿ ಜೋಡಿಸಿದ ಚಿತ್ರಗಳನ್ನು ನಂಬಬೇಡಿ. ಒಣ ಬಿಸ್ಕತ್ತು ಪಕ್ಕದ ತೇವವನ್ನು ಎಳೆದುಕೊಳ್ಳದೆ ಬಿಡುವುದಿಲ್ಲ, ಸವರಿ ಅರ್ಧ ಗಂಟೆಯಾದರೆ ಕಚ್ಚಿದಾಗ ಸದ್ದೇ ಬರುವುದಿಲ್ಲ. ಫ್ರಿಜ್ಜಿನಲ್ಲಿಟ್ಟರೂ ಅಷ್ಟೇ. ಬಿಸ್ಕತ್ತು ಬೇರೆ ಬಟ್ಟಲಿನಲ್ಲಿ, ಡಿಪ್ ಬೇರೆ ತಟ್ಟೆಯಲ್ಲಿ ಇರಲಿ.

ಸೌತೆಕಾಯಿಯ ಬಟ್ಟಲುಗಳು ಬೇಕೆಂದರೆ, ಎರಡು ಸೆಂಟಿಮೀಟರ್ ದಪ್ಪದ ಬಿಲ್ಲೆ ಕತ್ತರಿಸಿ, ತಳ ಉಳಿಸಿ ನಡುವಿನ ಬೀಜದ ಭಾಗ ತೋಡಿ, ಚಿಟಿಕೆ ಉಪ್ಪು ಸವರಿ ಬಟ್ಟೆಯ ಮೇಲೆ ಬೋರಲು ಹಾಕಿ ಕಾಲು ಗಂಟೆ ಬಿಡಿ. ಆ ನೀರು ಮೊದಲೇ ಇಳಿದುಹೋದರೆ ತುಂಬಿಸಿದ ಮೇಲೆ ಒಂದು ಗಂಟೆಯಾದರೂ ತಡೆಯುತ್ತದೆ. ತುಂಬಿಸಲು ದಪ್ಪ ಪ್ಲಾಸ್ಟಿಕ್ ಚೀಲದ ಮೂಲೆ ಕತ್ತರಿಸಿಕೊಂಡರೆ ಚಮಚಕ್ಕಿಂತ ಬೇಗ ಮುಗಿಯುತ್ತದೆ. ನಿಜ ಹೇಳಬೇಕೆಂದರೆ ಇಷ್ಟೆಲ್ಲ ಮಾಡುವ ಬದಲು ಸೆಲರಿ ಕಾಂಡಗಳ ತೋಡಿನಲ್ಲಿ ಅದೇ ಚೀಸನ್ನು ತುಂಬಿಸುವುದು ಲೇಸು. ಅದು ತಾನಾಗಿಯೇ ದೋಣಿಯಾಕಾರದಲ್ಲಿದೆ, ನೀರೂ ಬಿಡುವುದಿಲ್ಲ.

ಟೋರ್ಟಿಯಾದ (ಚಪಾತಿಯಂಥ ತೆಳು ರೊಟ್ಟಿ) ಸುರುಳಿಗಳು ಮಧ್ಯದ ದಾರಿ. ಚೀಸ್ ಮಿಶ್ರಣವನ್ನು ಅಂಚಿನವರೆಗೂ ತೆಳ್ಳಗೆ ಹರಡಿ ಬಿಗಿಯಾಗಿ ಸುತ್ತಿ, ಹಾಳೆಯಲ್ಲಿ ಕಟ್ಟಿ ಎರಡು ಗಂಟೆಯಾದರೂ ತಣಿಸಿ, ಹಲ್ಲಿರುವ ಚಾಕುವಿನಿಂದ ಕತ್ತರಿಸಬೇಕು. ಇಲ್ಲಿ ತುಸು ಮೆತ್ತಗಾಗುವುದೇ ಬೇಕಾದ್ದು, ಆದ್ದರಿಂದ ಹಿಂದಿನ ರಾತ್ರಿ ಸುತ್ತಿಟ್ಟರೂ ಸರಿಯೇ. ಒಳಗೆ ಹಸಿ ಟೊಮೆಟೊ ಮಾತ್ರ ಬೇಡ.

ಮೂಲೆಮೇಜು:

ಓದುತ್ತಾ ಬಂದೆ, ಒಂದು ಪ್ರಶ್ನೆ. ಚೀಸ್ ಉಂಡೆಯನ್ನು ಎರಡು ವಾರ ಮೊದಲೇ ಮಾಡಿ ಫ್ರೀಜರ್‌ನಲ್ಲಿಡಬಹುದೇ? ಖರ್ಜೂರದಲ್ಲಿ ಚೀಸ್ ತುಂಬುವುದನ್ನು ಯಾರೂ ಹೇಳಲಿಲ್ಲವಲ್ಲ, ಅದರಲ್ಲಿ ಏನಾದರೂ ತೊಡಕಿದೆಯೇ?

ತುರಿಮಣೆ:

ಲೇಪ ಹಚ್ಚದೆ, ಗಾಳಿ ಹೋಗದಂತೆ ಎರಡು ಸುತ್ತು ಸುತ್ತಿ ಇಟ್ಟರೆ ಒಂದು ತಿಂಗಳವರೆಗೆ ಇಡಬಹುದು. ಬರೀ ಕ್ರೀಮ್ ಚೀಸ್ ಹೆಪ್ಪುಗಟ್ಟಿ ಕರಗಿದರೆ ಮಂಜಿನ ಹರಳುಗಳು ಅದರ ಕಟ್ಟನ್ನು ಒಡೆದಿರುವುದರಿಂದ ಉದುರುದುರಾಗುತ್ತದೆ. ಚೆಡ್ಡರ್ ಬೆರೆತ ಉಂಡೆಯಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಫ್ರಿಜ್ಜಿನಲ್ಲೇ ಒಂದು ರಾತ್ರಿ ಕರಗಲು ಬಿಟ್ಟು, ಒಮ್ಮೆ ನಾದಿ ಮತ್ತೆ ಉಂಡೆ ಕಟ್ಟಿ. ಫೆಟಾ ಡಿಪ್‌ಗೂ ಮೊಜರೆಲ್ಲಾಗೂ ಫ್ರೀಜರ್ ಬೇಡ.

ಖರ್ಜೂರದಲ್ಲಿ ತೊಡಕೇನೂ ಇಲ್ಲ, ನಾವು ಮರೆತದ್ದಷ್ಟೇ. ಸೀಳಿ ಬೀಜ ತೆಗೆದು, ಕ್ರೀಮ್ ಚೀಸ್‌ಗೆ ಕಿತ್ತಳೆ ಸಿಪ್ಪೆಯ ತುರಿ, ಚಿಟಿಕೆ ಉಪ್ಪು ಸೇರಿಸಿ ತುಂಬಿದರಾಯಿತು. ಖರ್ಜೂರದಲ್ಲಿ ನೀರಿನಂಶ ಕಡಿಮೆ, ಸಕ್ಕರೆ ಹೆಚ್ಚು. ಅದು ನೀರು ಬಿಡುವುದೂ ಇಲ್ಲ, ಮೆತ್ತಗಾಗಿ ಕೆಡುವುದೂ ಇಲ್ಲ. ಈ ಚರ್ಚೆಯಲ್ಲಿ ಬಂದ ಎಲ್ಲ ತಿನಿಸುಗಳಲ್ಲಿ ಪೂರ್ತಿಯಾಗಿ ಹಿಂದಿನ ದಿನವೇ ಮುಗಿಸಿಬಿಡಬಹುದಾದದ್ದು ಇದೊಂದೇ. ಚೀಸ್‌ನ ಮೇಲ್ಭಾಗ ಒಣಗಿ ಬಿರಿಯದಂತೆ ಡಬ್ಬ ಮುಚ್ಚಿಡಬೇಕು, ಅಷ್ಟೇ.

ಪ್ರಮಾಣದ ಬಗ್ಗೆ ಯಾರೂ ಕೇಳಲಿಲ್ಲ, ಆದರೆ ಅಂಗಡಿಗೆ ಹೋಗುವಾಗ ಬೇಕಾಗುತ್ತದೆ. ಹಿಂದೆಯೇ ಊಟವಿದ್ದರೆ ತಲೆಗೆ ನಾಲ್ಕರಿಂದ ಆರು ತುತ್ತು, ಎಲ್ಲ ಬಗೆಗಳೂ ಸೇರಿ 40 ಗ್ರಾಂ ಚೀಸ್ ಎಂದು ಹಿಡಿಯಿರಿ. ಇಪ್ಪತ್ತು ಜನರಿಗೆ 800 ಗ್ರಾಂ ಆಯಿತು. ಮೇಲಿನ ಎರಡು ಉಂಡೆಗಳ ಅಳತೆ, ಫೆಟಾ ಡಿಪ್, 250 ಗ್ರಾಂ ಮೊಜರೆಲ್ಲಾ ಇಷ್ಟು ಸೇರಿದರೆ ಅದನ್ನು ದಾಟುತ್ತದೆ. ಊಟವಿಲ್ಲದೆ ಇವೇ ಎಲ್ಲವೂ ಆಗಿದ್ದರೆ ಮಾತ್ರ ತಲೆಗೆ ಹತ್ತು ಹನ್ನೆರಡು ತುತ್ತು ಬೇಕಾಗುತ್ತದೆ.

ಮಂಜುಗಡ್ಡೆ:

ಅಲರ್ಜಿಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ಎರಡು ಉಂಡೆಗಳಲ್ಲಿ ಒಂದಕ್ಕೆ ಅಕ್ರೋಟು, ಇನ್ನೊಂದಕ್ಕೆ ಸೊಪ್ಪು ಎಂದು ಹಂಚುವ ಯೋಚನೆ ಬರಬಹುದು. ಅದು ಕಾಗದದ ಮೇಲೆ ಸರಿ, ಮೇಜಿನ ಮೇಲೆ ಅಲ್ಲ. ಇಪ್ಪತ್ತು ಜನರ ನಡುವೆ ಒಂದರ ಚಾಕು ಇನ್ನೊಂದಕ್ಕೆ ಹೋಗಿಯೇ ಹೋಗುತ್ತದೆ. ಆ ದಿನ ಮನೆಯಲ್ಲಿ ಬಾದಾಮಿ, ಅಕ್ರೋಟುಗಳನ್ನು ತೆರೆಯದಿರುವುದೇ ನೆಮ್ಮದಿ. ಗರಿಗರಿ ಬೇಕೆಂದರೆ ಹುರಿದ ಕುಂಬಳಬೀಜ ಅಥವಾ ಸೂರ್ಯಕಾಂತಿ ಬೀಜವನ್ನು ತರಿತರಿಯಾಗಿ ಕುಟ್ಟಿ ಬಳಸಬಹುದು, ಆದರೆ ಅವೂ ಬಾದಾಮಿ ಮುಂತಾದವುಗಳ ಜೊತೆ ಒಂದೇ ಯಂತ್ರದಲ್ಲಿ ಪೊಟ್ಟಣವಾದವೇ ಎಂದು ಚೀಟಿ ನೋಡಬೇಕು. ಎಳ್ಳು ಸ್ವತಃ ಕೆಲವರಿಗೆ ಅಲರ್ಜಿಯಾದ್ದರಿಂದ ಅವರನ್ನೇ ಒಮ್ಮೆ ಕೇಳಿಬಿಡಿ.

ಹಸಿರುಬಾಗಿಲು:

ತೀರ್ಮಾನ ಹೀಗಾಗಿದೆ. ಹಿಂದಿನ ದಿನ ಸಂಜೆ ಚೀಸ್ ಮಿಶ್ರಣವನ್ನು ಎರಡು ಉರುಳೆಗಳಾಗಿ ಕಟ್ಟಿಡುತ್ತೇನೆ (ನಿಧಾನಸ್ಥರ ಇಲಿಗೆ ಹೆದರಿ ಉಂಡೆ ಬಿಟ್ಟಿದ್ದೇನೆ), ಫೆಟಾ ಡಿಪ್ ಮತ್ತು ಖರ್ಜೂರ ಎರಡೂ ಆಗಲೇ ಮುಗಿಯುತ್ತವೆ, ಕುಂಬಳಬೀಜವನ್ನೂ ಹುರಿದು ಡಬ್ಬಕ್ಕೆ ಹಾಕಿಡುತ್ತೇನೆ. ಆ ದಿನಕ್ಕೆ ಉಳಿಯುವುದು ಉರುಳೆಗಳನ್ನು ಬೀಜದಲ್ಲಿ ಹೊರಳಿಸುವುದು ಮತ್ತು ಮೊಜರೆಲ್ಲಾ ಕಡ್ಡಿಗಳು. ಸೌತೆಕಾಯಿ, ಟೋರ್ಟಿಯಾ ಎರಡನ್ನೂ ಬಿಟ್ಟಿದ್ದೇನೆ. ಮೂರು ಬಗೆ ಎಂದಿದ್ದ ತುರಿಮಣೆಯವರು ನಾಲ್ಕನೆಯದಕ್ಕೆ ಬೇಸರಿಸಬಾರದು. ಕಡ್ಡಿಗಳನ್ನು ಬೆಳಗ್ಗೆಯೇ ಪೋಣಿಸಿಟ್ಟರೆ ಸಂಜೆಯವರೆಗೆ ಚೆನ್ನಾಗಿರುತ್ತವೆಯೇ?

ನಿಧಾನಸ್ಥ:

ಬೆಳಗ್ಗೆ ಬೇಡ, ಬಡಿಸುವ ಮೂರು ಗಂಟೆ ಮುಂಚೆ ಪೋಣಿಸಿ. ಟೊಮೆಟೊ ಕತ್ತರಿಸದೆ ಇಡಿಯಾಗಿಯೇ ಇರಲಿ, ಚುಚ್ಚಿದ ತೂತಿನಿಂದ ಬರುವ ರಸ ಅಷ್ಟೇನೂ ಇರುವುದಿಲ್ಲ. ಅಗಲವಾದ ಡಬ್ಬದ ತಳಕ್ಕೆ ಒಣ ಬಟ್ಟೆ ಹಾಸಿ ಒಂದೇ ಪದರದಲ್ಲಿ ಮಲಗಿಸಿ ಫ್ರಿಜ್ಜಿನಲ್ಲಿಡಿ, ಒಂದರ ಮೇಲೊಂದು ಪೇರಿಸಬೇಡಿ. ಬೇಸಿಲ್ ಎಲೆ ಕೊನೆಗೆ ಸಿಕ್ಕಿಸಬೇಕಾದ್ದರಿಂದ ಕಡ್ಡಿಯ ತುದಿಯಲ್ಲಿ ಒಂದು ಬೆರಳಗಲ ಜಾಗ ಬಿಟ್ಟಿರಿ.

ಮಂಜುಗಡ್ಡೆ:

ಬರುವವರಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದರೆ ಅವರ ಪಾಲಿನದನ್ನು ಕಡ್ಡಿಯಿಲ್ಲದೆ ಬೇರೆ ಬಟ್ಟಲಿನಲ್ಲಿಡಿ. ಚೆರಿ ಟೊಮೆಟೊವನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ, ಮೊಜರೆಲ್ಲಾ ಗುಂಡುಗಳನ್ನೂ ಹಾಗೆಯೇ ಸಣ್ಣದಾಗಿ ಹೆಚ್ಚಿ ಕೊಡಬೇಕು, ಇಡಿಯಾದ ಗುಂಡನೆಯ ತುಂಡು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.